ಟ್ಯಾಂಗ್ ಕೊಯ್ಯೂಕಿಂತ ಮೊದಲ ಕಾನಸ ಹಚ್ಚು

ಶಾರ್ಜಾ

ತಮ್ಮಾ,

ಅವ್ವ-ಅಪ್ಪಗ ಶರಣು ಹೇಳು. ನೀ ಕಳಿಸಿದ ಫೋಟೋ ನೋಡಿದೆ. ಕಪನೂರ ಕಡೆ ಗುಜರಿಯೊಳಗ ಸಿಕ್ಕ ಎಂಡ್ ಮಿಲ್ (ಮಿಲ್ಲಿಂಗ್ ಮಷೀನಿನ ಕಟರ್) ಚಲೋ ಮಾಲೇ ಅದ. ಎಂಟಿ-3 ಟೇಪರ್ (ಮೋರ್ಸ್ ಟೇಪರ್ 3, ಮಷೀನಿನ ಸ್ಪಿಂಡಲ್ಲಿನಾಗ ಕೂಡೂ ಇಳಿಜಾರು ಹಿಡಿ), ಹಿಂದ ಟ್ಯಾಂಗ್, ಅಂದ್ರ ಚಪ್ಪಟಿ ಬಾಲ. ಟ್ಯಾಂಗ್ ತೆಗದು ಡ್ರಾಬಾರಿಗಿ (ಟೇಪರನ್ನ ಸ್ಪಿಂಡಲ್ಲಿನೊಳಗ ಜಗ್ಗಿ ಹಿಡಿಯೂ ಉದ್ದ ಬೋಲ್ಟಿಗಿ) ಎಂ12, ಅಂದ್ರ 12 ಮಿ.ಮೀ ಥ್ರೆಡ್ ಹಾಕ್ತೀನಿ ಅಂದಿ, ಹಾಕು. ಡ್ರಾಬಾರ್ ಇಲ್ಲದ ಮಾತ್ರ ನಡಸಬ್ಯಾಡ. ಡ್ರಿಲ್ ಮಾಡೂವಾಗ ಟೇಪರ್ ಒತ್ತಿ ಇನ್ನಷ್ಟು ಬಿಗಿ ಆಗ್ತದ. ಮಿಲ್ಲಿಂಗದಾಗ ಬಗಲಿಂದ ಹೊಡತ ಬಿದ್ದು ನಡುಗಿ ನಡುಗಿ ಕಟರ್ ಕೆಳಗ ಜಾರ್ತದ.

ಆದ್ರ ಮೆತ್ತಗ ಮಾಡಾಕ ಗ್ಯಾಸ್ ಹಚ್ಚಿ ಕೆಂಪಗ ಕಾಸಿ ಬೂದಿಯೊಳಗ ಹೂಳ್ತೀನಿ ಅಂದದ್ದು ಬಿಡು. ಕಾರ್ಬನ್ ಸ್ಟೀಲಿಗಿ ಅದು ನಡೀತದ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಗಾಳ್ಯಾಗ ಆರಿದ್ರೂ ಗಟ್ಟಿ ಆಗೋ ಜಾತಿ. ಮೆತ್ತಗ ಮಾಡಬೇಕಂದ್ರ ಸುಮಾರು 850 ಡಿಗ್ರಿಗಿ ಏರಿಸಿ, ಭಟ್ಟಿಯೊಳಗೇ ತಾಸಿಗಿ 10-20 ಡಿಗ್ರಿ ಹಂಗ ಇಳಸಬೇಕು. ಬೂದಿಗಿ ಅಷ್ಟು ತಾಳ್ಮಿ ಇಲ್ಲ.

ಕಾಸೂ ಗರಜೂ ಬೀಳಲಿಕ್ಕಿಲ್ಲ. ಇಂಥಾ ದೊಡ್ಡ ಟೂಲುಗಳಾಗ ಭಾಳ ಸಲ ಹಲ್ಲಿನ ಭಾಗ ಅಷ್ಟೇ ಎಚ್‌ಎಸ್‌ಎಸ್. ಶ್ಯಾಂಕ್ (ಹಿಂದಿನ ಹಿಡಿ ಭಾಗ) ಸಾದಾ ಉಕ್ಕು, ನಡುವ ವೆಲ್ಡ್ ಇರ್ತದ. ಹಳೇ ನುಣುಪು ಕಾನಸಿನ ಮೂಲಿ ಟ್ಯಾಂಗಿನ ಅಂಚಿಗಿ ಹಚ್ಚಿ ನೋಡು. ಕಚ್ಚಿ ಪುಡಿ ಉದುರಿದ್ರ ಸಾದಾ ಡ್ರಿಲ್ಲಿಗೇ ಬರ್ತದ. ಗಾಜಿನ ಮ್ಯಾಲೆ ಎಳದಂಗ ಕಿರ್ ಅಂತ ಜಾರಿದ್ರ ಗಟ್ಟಿ ಅದ. ಟ್ಯಾಂಗ್ ಅಷ್ಟೇ ಮೆತ್ತಗಿದ್ದು ಮುಂದ ಗಟ್ಟಿ ಇರೂದೂ ಉಂಟು, ಕೊಯ್ದ ಮ್ಯಾಲೆ ಹೊಸ ಮುಖಕ್ಕ ಇನ್ನೊಮ್ಮೆ ಹಚ್ಚು. ಗಟ್ಟಿ ಇದ್ರ ಕಾರ್ಬೈಡ್ ಡ್ರಿಲ್ ತೂತೇನೋ ಮಾಡ್ತದ, ಆದ್ರ ಟ್ಯಾಪ್ (ಥ್ರೆಡ್ ಕೊರಿಯೂ ಟೂಲ್) ಒಳಗೇ ಮುರೀತದ. ಅಂಥಾದ್ದನ್ನ ಗುಜರಿಗೇ ವಾಪಸ್ ಕೊಡು.

ಟ್ಯಾಂಗ್ 8 ಮಿ.ಮೀ ದಪ್ಪ, ಎಂ12 ಅದರಾಗ ಕೂಡೂದಿಲ್ಲ. ಪೂರಾ ಕೊಯ್ದು 81 ಮಿ.ಮೀ ಟೇಪರ್ ಉಳಿಸು. ಸಣ್ಣ ತುದಿ 19-20 ಮಿ.ಮೀ ಇರ್ತದ, ಥ್ರೆಡ್ಡಿನ ಸುತ್ತ ಮೂರೂವರಿ ಮಿ.ಮೀ ಗ್ವಾಡಿ ಉಳೀತದ, ಸಾಕು. 1 ಮಿ.ಮೀ ಕಟ್ಟಿಂಗ್ ವೀಲ್ ತಗೋ, ಟೇಪರಿಗಿ ಹಸಿ ಅರಿವಿ ಸುತ್ತು, ತಡದು ತಡದು ಕೊಯ್ಯಿ. ಇದನ್ನ ಲೇತ್ ಹತ್ರ ಮಾಡಬ್ಯಾಡ, ಅಂಗಳದಾಗ ವೈಸಿಗಿ ತಾಮ್ರದ ತಗಡು ಇಟ್ಟು ಹಿಡದು ಮಾಡು. ಆ ಪುಡಿ ಬೆಡ್ ಮ್ಯಾಲೆ ಬಿದ್ರ ಎಣ್ಣಿ ಕೂಡಿ ಸಾಣಿ ಆಗ್ತದ.

ಲೇತಿನಾಗ ಕಟರಿನ ಹಲ್ಲು ನೇರ ಹಿಡಿಬ್ಯಾಡ, ಹಲ್ಲೂ ಹೋಗ್ತದ, ಚಕ್ಕಿನ ಜಾವೂ (ಹಿಡಿಯೂ ದವಡೀನೂ) ಹೋಗ್ತದ. ಹಿತ್ತಾಳಿ ಬುಶ್ ಕೊರದು ಒಂದು ಕಡೆ ಸೀಳು, ಅದರೊಳಗ ಕಟರ್ ಇಟ್ಟು ನಾಲ್ಕು ಜಾ ಚಕ್ಕಿನಾಗ ಕೂಡ್ಸು. ಡಯಲ್ ಗೇಜ್ (ಓಲಾಟ ತೋರಿಸೂ ಗಡಿಯಾರ) ಟೇಪರಿನ ಎರಡೂ ತುದಿಗಿ ಹಚ್ಚು, ಒಂದೇ ತುದಿ ನೋಡಿದ್ರ ಮೋಸ ಹೋಗ್ತಿ. ಥ್ರೆಡ್ 0.1 ಮಿ.ಮೀ ಬಗಲಿಗಿ ಸರದ್ರ ಡ್ರಾಬಾರ್ ತಾನೇ ಹೊಂದಕೊಂತದ. ಸೊಟ್ಟ ಆದ್ರ ಮಾತ್ರ ಬಿಗಿ ಮಾಡಿದಾಗೆಲ್ಲ ಟೇಪರನ್ನ ಒಂದು ಬಗಲಿಗಿ ಜಗ್ಗತದ.

ಡ್ರಿಲ್ 10.2, ಆಳ 32 ಮಿ.ಮೀ. ಥ್ರೆಡ್ 24 ಸಾಕು. ಮೂರು ಟ್ಯಾಪಿನ ಸೆಟ್ ತಗೋ, ಹಿಂದ ಟೇಲ್‌ಸ್ಟಾಕ್ ಸೆಂಟರ್ ಆನಸು, ಮೋಟಾರ್ ಬಂದ್ ಇಟ್ಟು ಕೈಲೆ ತಿರುಗಿಸು. ಅರ್ಧ ಸುತ್ತಿಗೊಮ್ಮೆ ಹಿಂದಕ್ಕ ತಿರುವಿ ಚೂರು ಮುರಿ, ಎಣ್ಣಿ ಕಡಿಮಿ ಮಾಡಬ್ಯಾಡ.

ಆಮ್ಯಾಲೆ ಕೊಯ್ದ ಅಂಚಿನ ಬರ್ (ಎದ್ದು ನಿಂತ ಚೂಪು ಸಿಬಿರು) ಎಣ್ಣಿಕಲ್ಲಿಲೆ ತೆಗಿ, ಟೇಪರಿಗಿ ಎಮರಿ ಪೇಪರ್ ಮುಟ್ಟಿಸಬ್ಯಾಡ. ಪೆನ್ಸಿಲಿಲೆ ಉದ್ದಕ ಮೂರು ಗೆರಿ ಎಳದು, ಸ್ಪಿಂಡಲ್ಲಿನಾಗ ಇಟ್ಟು ಒಂಚೂರು ತಿರುವಿ ತೆಗಿ. ಗೆರಿ ಪೂರಾ ಉದ್ದಕ ಸವದಿರಬೇಕು. ತುದ್ಯಾಗಷ್ಟೇ ಸವದಿದ್ರ ಬರ್ ಇನ್ನೂ ಉಳದದ.

ಬಿಚ್ಚೂವಾಗ ಡ್ರಾಬಾರ್ ಪೂರಾ ತೆಗದು ಬಡಿಬ್ಯಾಡ. ಎರಡು ಸುತ್ತು ಸಡಲ ಮಾಡಿ, ಐದಾರು ಥ್ರೆಡ್ ಒಳಗ ಇರೂವಾಗಲೇ ತಾಮ್ರದ ಸುತ್ತಿಗಿಲೆ ತಲಿ ಮ್ಯಾಲೆ ಒಂದು ಏಟು ಕೊಡು. ಕಟರ್ ಕೆಳಗ ಬೀಳೂದಿಲ್ಲ, ಥ್ರೆಡ್ಡೂ ಕೆಡೂದಿಲ್ಲ.

ದಾಲ್ ಮಿಲ್ಲಿನ ಶಾಫ್ಟಿಗಿ ಕೀ-ವೇ (ಕೀ ಕೂಡೂ ಉದ್ದ ತೋಡು) ಹೊಡ್ಯಾಕ ಇದನ್ನೇ ಹಾಕ್ತಿ ಅಂತ ಗೊತ್ತದ. ಕಟರಿನ ಮುಖ ನೋಡು: ನಡುವ ಸೆಂಟರ್ ತೂತ ಅದ. ಅಂದ್ರ ನೇರ ಕೆಳಗ ಇಳಿಸಿದ್ರ ನಡುವಿನ ಗೂಟ ಕೊಯ್ಯೂದಿಲ್ಲ, ಕಟರ್ ನಿಂದರ್ತದ. ಮೊದಲ ಕೀ-ವೇ ಸುರು ಆಗೋ ಜಾಗದಾಗ ಡ್ರಿಲ್ ಮಾಡ್ಕೊ, ಇಲ್ಲಾ ಶಾಫ್ಟಿನ ತುದಿಯಿಂದ ಒಳಗ ಬಾ.

ನಿನ್ನ ಅಣ್ಣ