ಅವ್ವನ ಮಾತಿಗೆ 38 ಅಂಕ ಸರಿಯೇ?

ಮಾನ್ಯ ಸಂಪಾದಕರೇ,

ನಮ್ಮ ಅವ್ವನಿಗೆ ಹೋದ ವರ್ಷ ಸ್ಟ್ರೋಕ್ ಆಯಿತು. ಕೈಕಾಲು ಸುಧಾರಿಸಿದೆ, ನಾಲಿಗೆ ಇನ್ನೂ ಸರಿಯಾಗಿ ಹೊರಳುವುದಿಲ್ಲ. ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಮೊಬೈಲ್ ಮುಂದೆ ಎರಡು ನಿಮಿಷ ಮಾತಾಡಿಸುತ್ತಾರೆ. ಸ್ವರಗಳು ಎಷ್ಟು ಸ್ಪಷ್ಟ ಅಂತ ಆ್ಯಪ್ ಅಳೆದು ಅಂಕ ಕೊಡುತ್ತದೆ. ಅವ್ವನಿಗೆ ನೂರಕ್ಕೆ 38 ಬಂತು. ವಾಪಸ್ ಬರುವಾಗ ದಾರಿಯುದ್ದಕ್ಕೂ ಅವ್ವ ಮಾತೇ ಆಡಲಿಲ್ಲ.

ಮನೆಯಲ್ಲಿ ನಾನೂ ಅದೇ ಆ್ಯಪ್ ಹಾಕಿಕೊಂಡು, ಅವ್ವ ಆಡುವ ನಮ್ಮ ಕೊಡಗಿನ ಭಾಷೆ ಕೊಡವ ತಕ್ಕ್‌ನಲ್ಲಿ ಮಾತಾಡಿದೆ. 31 ವರ್ಷ ಪಾಠ ಮಾಡಿದ ಗಂಟಲು ನನ್ನದು, ಯಾವ ಕಾಯಿಲೆಯೂ ಇಲ್ಲ. ಆದರೂ 60 ದಾಟಲಿಲ್ಲ. ಅದೇ ವಿಷಯವನ್ನು ಕನ್ನಡದಲ್ಲಿ ಹೇಳಿದೆ, 80ರ ಮೇಲೆ ಹೋಯಿತು!

ಥೆರಪಿಸ್ಟ್ ಹುಡುಗಿಯನ್ನು ಕೇಳಿದೆ. ಪಾಪ, ತಾಳ್ಮೆಯಿಂದ ಹೇಳಿಕೊಟ್ಟಳು. ಪ್ರತಿ ಸ್ವರದಲ್ಲೂ ಕಂಪ್ಯೂಟರ್ ಎರಡು ಕಂಪನಗಳನ್ನು ಹುಡುಕುತ್ತದೆ. ಒಂದು, ಬಾಯಿ ಎಷ್ಟು ತೆರೆದಿದೆ ಅನ್ನುವುದಕ್ಕೆ. ಇನ್ನೊಂದು, ನಾಲಿಗೆ ಮುಂದಿದೆಯೋ ಹಿಂದಿದೆಯೋ ಅನ್ನುವುದಕ್ಕೆ. ಆ, ಈ, ಊ ಮೂರನ್ನೂ ಗ್ರಾಫ್ ಮೇಲೆ ಗುರುತು ಮಾಡಿದರೆ ತ್ರಿಕೋನ ಆಗುತ್ತದೆ. ನಾಲಿಗೆ ಸೋತವರ ಸ್ವರಗಳು ನಡುವಿಗೆ ಸರಿಯುತ್ತವೆ, ತ್ರಿಕೋನ ಕುಗ್ಗುತ್ತದೆ. ಈ ಆ್ಯಪ್ ಮಾತಿನ ಎಲ್ಲ ಸ್ವರಗಳನ್ನೂ ಹಿಡಿದು, ಅವು ನಡುವಿನಿಂದ ಎಷ್ಟು ದೂರ ಇವೆ ಅಂತ ಲೆಕ್ಕ ಹಾಕುತ್ತದಂತೆ.

ಆದರೆ ನಮ್ಮ ಭಾಷೆಯಲ್ಲಿ ನಡುವಿನ ಸ್ವರಗಳೇ ಇವೆಯಲ್ವಾ? 'ತಕ್ಕ್' ಅನ್ನುವ ಪದದ ಕೊನೆಯಲ್ಲೇ ಒಂದಿದೆ. ಅದು ಇ ಅಲ್ಲ, ಉ ಅಲ್ಲ. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರವೂ ಇಲ್ಲ. 1930ರ ದಶಕದಲ್ಲಿ ಭಾರತಕ್ಕೆ ಬಂದು ಕೊಡವ ತಕ್ಕ್ ಅಭ್ಯಾಸ ಮಾಡಿದ ಭಾಷಾತಜ್ಞ ಎಂ.ಬಿ. ಎಮೆನೊ ಇಂಥ ಸ್ವರಗಳಿಗೆ ಬೇರೆಯೇ ಗುರುತು ಹಾಕಿ ಬರೆದರು. ಅವ್ವ ಹುಟ್ಟಿದಾಗಿನಿಂದ ಆಡಿದ ಸ್ವರವನ್ನು ಆ್ಯಪ್ ತೊದಲು ಅಂತ ಎಣಿಸಿದರೆ ಹೇಗೆ?

ಅಳತೆ ಬೇಡ ಅಂತ ನಾನು ಹೇಳುತ್ತಿಲ್ಲ. ಪ್ರತಿ ವಾರ ಮಡಿಕೇರಿ ಘಾಟಿ ಇಳಿದು ಹೋಗಿಬರಲು ವಯಸ್ಸಾದವರಿಗೆ ಆಗುವುದಿಲ್ಲ. ಮನೆಯಲ್ಲೇ ಅಳೆಯುವುದಾದರೆ ಎಷ್ಟು ಉಪಕಾರ! (ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್‌ನ ಮಳೆ ಮನೆಯ ಶೀಟಿನ ಮೇಲೆ ಹೊಡೆಯುವಾಗ ಮಾತ್ರ ರೆಕಾರ್ಡ್ ಮಾಡಬೇಡಿ, ಆ ಸದ್ದೂ ಲೆಕ್ಕ ಕೆಡಿಸುತ್ತದೆ.) ಆದರೆ ಆ್ಯಪ್ ಮಾಡುವವರು ಮೊದಲು ಆರೋಗ್ಯವಂತ ಕೊಡವರ, ಕೊಡಗಿನಲ್ಲೇ ಅರೆಭಾಷೆ ಅನ್ನುವ ಕನ್ನಡ ಆಡುವವರ ಮಾತು ರೆಕಾರ್ಡ್ ಮಾಡಿಕೊಳ್ಳಲಿ. ರೋಗಿಯ ಅಂಕವನ್ನು ಬೇರೆಯವರ ಜೊತೆ ಹೋಲಿಸುವ ಬದಲು ಅವರದೇ ಹಳೆಯ ಅಂಕದ ಜೊತೆ ಹೋಲಿಸಲಿ.

ನಮ್ಮ ಹತ್ತಿರ ಅವ್ವನ ಹಳೆಯ ದನಿ ಇರುವುದು ಒಂದೇ ಕಡೆ, ಮೊಮ್ಮಗಳ ಮದುವೆ ವಿಡಿಯೋದಲ್ಲಿ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಥೆರಪಿಸ್ಟ್‌ಗೆ ಕೊಟ್ಟಿದ್ದೇನೆ.

– ನಿವೃತ್ತ ಶಿಕ್ಷಕಿ, ನಾಪೋಕ್ಲು