ರಾಜನ ವಸಡು ನೋಡಿಟ್ಟುಕೊ

ಮೂಡಿಗೆರೆ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಬೆಳಿಗ್ಗೆ ನೀನು ಫೋನಿನಲ್ಲಿ ನಿನ್ನ ನಾಯಿಯ ವಿಷಯ ಹೇಳುತ್ತಾ "ರಾಜ ನಿನ್ನೆಯಿಂದ ಅನ್ನ ಮುಟ್ಟಿಲ್ಲ, ಇನ್ನೊಂದು ದಿನ ನೋಡಲಾ?" ಅಂದಾಗ ನನ್ನ ಎದೆ ಧಸಕ್ಕೆಂದಿತು. ಸಂಜೆ ಎರಡು ತುತ್ತು ತಿಂದ ಅಂದ ಮೇಲೆ ಸಮಾಧಾನವಾಯಿತು. ಆದರೂ ಕೂತು ಬರೆಯುತ್ತಿದ್ದೇನೆ. "ಇನ್ನೊಂದು ದಿನ ನೋಡೋಣ" ಅನ್ನುವ ಮಾತು ನನಗೆ ಎಷ್ಟು ಭಾರವಾಗಿ ಬಿತ್ತು ಅಂತ ನಿನಗೆ ಹೇಳಿಯೇ ಇಲ್ಲ.

ನೀನು ಚಿಕ್ಕವಳಿದ್ದಾಗ ತೋಟದ ಮನೆಯಲ್ಲಿ ನಮ್ಮ ನಾಯಿ ಕರಿಯ ಇದ್ದನಲ್ಲ, ಅವನು ಮುಪ್ಪಿನಿಂದ ಹೋದ ಅಂತ ನಿಮಗೆಲ್ಲ ಹೇಳಿದ್ದೆವು. ಅದು ನಿಜವಲ್ಲ. ಕಾಫಿ ಕುಯ್ಲಿನ ದಿನಗಳು, ಆಳುಗಳ ಲೆಕ್ಕ, ಕಣದ ಕೆಲಸ. ಮೊದಲ ದಿನ ಅವನು ಮುದ್ದೆ ಬಿಟ್ಟ. ಏನೋ ಹೊಲಸು ತಿಂದಿರಬೇಕು ಅಂದುಕೊಂಡು ಮೊಸರನ್ನ ಇಟ್ಟೆ. ಎರಡನೇ ದಿನ ಕರೆದರೆ ಬಾಲ ಆಡಿಸಿದ, ಏಳಲಿಲ್ಲ. ಬಾಲ ಆಡಿಸುತ್ತಾನಲ್ಲ ಅಂತ ಬಿಟ್ಟೆ. ಮೂರನೇ ದಿನ ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ತುಟಿ ಎತ್ತಿ ತೋರಿಸಿದರು, ವಸಡು ಸುಣ್ಣದ ಹಾಗೆ ಬಿಳಿ. ಉಣುಗಿನಿಂದ ಬರುವ ಜ್ವರ, ರಕ್ತವೇ ಒಡೆದುಹೋಗಿದೆ, ಮೊದಲೇ ತಂದಿದ್ದರೆ ಇದಕ್ಕೆ ಔಷಧಿ ಇತ್ತು ಅಂದರು. ಅವತ್ತು ರಾತ್ರಿಯೇ ಹೋದ. ಮಲೆನಾಡಲ್ಲಿ ಹುಟ್ಟಿ ಬೆಳೆದವಳು ನಾನು, ಉಣುಗು ಕೀಳುತ್ತಲೇ ಇದ್ದವಳು, ಒಂದು ಸಲ ಆ ತುಟಿ ಎತ್ತಿ ನೋಡಲಿಲ್ಲ.

ಅದಕ್ಕೇ ರಾಜ ಚೆನ್ನಾಗಿದ್ದಾಗಲೇ ಅವನ ವಸಡಿನ ಬಣ್ಣ ನೋಡಿಟ್ಟುಕೊ. ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣ ಬರಬೇಕು. ಕಪ್ಪು ವಸಡಿದ್ದರೆ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಗೆ ನೋಡು. ಬಿಳಿಚಿದ್ದರೆ, ಹಳದಿ ಅಥವಾ ನೀಲಿ ತಿರುಗಿದ್ದರೆ ಅವನು ಓಡಾಡುತ್ತಿದ್ದರೂ ಕಾಯಬೇಡ. ನಿದ್ದೆಯಲ್ಲಿದ್ದಾಗ ಉಸಿರು ಎಣಿಸು, ನಿಮಿಷಕ್ಕೆ 30ರ ಒಳಗಿರಬೇಕು. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಅದಕ್ಕೆ ಸಹಜ. 103 ದಾಟಿದರೆ ಅವತ್ತೇ ಡಾಕ್ಟರು. ಮೂಗು ಒಣಗಿದೆ, ಒದ್ದೆಯಿದೆ ಅಂತ ಜ್ವರ ಹೇಳುವುದನ್ನು ನಂಬಬೇಡ.

ಬೆಳೆದ ನಾಯಿ ಒಂದು ಸಲ ವಾಂತಿ ಮಾಡಿ, ಆಮೇಲೆ ನೀರು ಕುಡಿದು, ನಿನ್ನ ಹಿಂದೆ ಮುಂದೆ ಸುತ್ತುತ್ತಿದ್ದರೆ ಒಂದು ದಿನ ಕಾಯಬಹುದು. ಆದರೆ ಗಡಿಯಾರ ನೋಡಿ ಕಾಯು. ಇಷ್ಟು ಗಂಟೆಯ ತನಕ ಅಂತ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡು, ಆ ಹೊತ್ತಿಗೆ ಸುಧಾರಿಸದಿದ್ದರೆ ಹೊರಡು. ನಾನು ಮಾಡಿದ ತಪ್ಪು ಕಾದದ್ದಲ್ಲ, ಎಲ್ಲಿಯವರೆಗೆ ಅಂತ ಗೊತ್ತುಮಾಡಿಕೊಳ್ಳದೆ ಕಾದದ್ದು. ಮರಿಗಳಿಗೆ ಈ ಒಂದು ದಿನವೂ ಇಲ್ಲ. ನಿಮ್ಮ ಪಕ್ಕದ ಮನೆಯವರು ಮರಿ ತಂದಿದ್ದಾರೆ ಅಂದೆಯಲ್ಲ, ಅವರಿಗೂ ಹೇಳು: ವಾಂತಿಯ ಜೊತೆ ರಕ್ತಭೇದಿ ಶುರುವಾದರೆ ಅದು ಪಾರ್ವೊ ಅನ್ನುವ ವೈರಸ್ ಕಾಯಿಲೆ ಇರಬಹುದು, ಮೈಯ ನೀರೆಲ್ಲ ಬೇಗ ಹೋಗಿಬಿಡುತ್ತದೆ, ತಕ್ಷಣ ಡ್ರಿಪ್ ಬೇಕಾಗುತ್ತದೆ.

ಹೊಟ್ಟೆ ತಮಟೆಯಂತೆ ಬಿಗಿದು, ಓಕರಿಸಿದರೂ ಏನೂ ಬಾರದಿದ್ದರೆ, ಕಾಲೆತ್ತಿ ನಿಂತರೂ ಉಚ್ಚೆ ಬಾರದಿದ್ದರೆ, ಫಿಟ್ಸ್ ಬಂದರೆ, ಹಾವು ಕಚ್ಚಿದ ಗುಮಾನಿ ಇದ್ದರೆ ನನಗೆ ಫೋನ್ ಮಾಡುತ್ತಾ ಕೂರಬೇಡ, ಗಾಡಿ ಹತ್ತು. ಇಲಿ ಪಾಷಾಣ ತಿಂದಿದ್ದರೆ ಆ ಪೊಟ್ಟಣವನ್ನೂ ತೆಗೆದುಕೊಂಡು ಹೋಗು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಕಡೆ ರೂಢಿ, ಅದರಿಂದಲೇ ಪ್ರಾಣಕ್ಕೆ ಕುತ್ತು. ನಿನ್ನ ಪರ್ಸಿನಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಯಾವುದನ್ನೂ ಅರ್ಧ ಚೂರು ಸಹ ಕೊಡಬೇಡ.

ಇನ್ನೊಂದು ಮಾತು, ಇದು ನಿನ್ನ ಜೀವದ್ದು. ನಾಯಿಯ ದವಡೆ ಜೋತುಬಿದ್ದು, ಜೊಲ್ಲು ಸುರಿದು, ಬೊಗಳುವ ದನಿ ಬದಲಾದರೆ ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಬೇಡ. ಹುಚ್ಚು ಹಿಡಿದ ನಾಯಿಯೂ ಹಾಗೇ ಕಾಣುತ್ತದೆ. ಕಚ್ಚಿದರೆ ಅಥವಾ ತರಚಿದ ಜಾಗಕ್ಕೆ ಜೊಲ್ಲು ತಾಗಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊ.

ನೀನಿರುವುದು ಹಾಸನದಲ್ಲಿ, ಪಶುವೈದ್ಯಕೀಯ ಕಾಲೇಜು ಊರಲ್ಲೇ ಇದೆ. ನಾಳೆಯೇ ಹೋಗಿ ನಾಯಿಗಳನ್ನು ಯಾವ ಹೊತ್ತಿನಲ್ಲಿ ನೋಡುತ್ತಾರೆ, ಭಾನುವಾರ ಏನು ವ್ಯವಸ್ಥೆ, ರಾತ್ರಿಗೆ ಯಾರಿದ್ದಾರೆ ಕೇಳಿ ಬರೆದಿಟ್ಟುಕೊ. ಸಣ್ಣದಕ್ಕೆಲ್ಲ ಬಂದಳು ಅಂದುಕೊಳ್ಳುತ್ತಾರೆ ಅನ್ನುವ ಸಂಕೋಚ ಬೇಡ. ದುಡ್ಡಿನ ಚಿಂತೆಯಿದ್ದರೆ ಡಾಕ್ಟರಿಗೆ ಮೊದಲೇ ಬಾಯಿಬಿಟ್ಟು ಹೇಳು, ಯಾವ ಪರೀಕ್ಷೆ ಈಗಲೇ ಬೇಕು, ಯಾವುದು ತಡೆಯುತ್ತದೆ ಅಂತ ಅವರು ಹೇಳುತ್ತಾರೆ. ಸಾಲದಿದ್ದರೆ ನನಗೆ ಹೇಳು, ನಿನ್ನ ದೊಡ್ಡಪ್ಪ ಕಳಿಸುತ್ತಾರೆ.

ರಾಜನಿಗೇ ಅಂತ ಒಂದು ಥರ್ಮಾಮೀಟರ್ ಬೇರೆ ತೆಗೆದಿಡು. ಇವತ್ತು ಮಲಗುವ ಮುಂಚೆ ಅವನ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣುಗು ಇದೆಯಾ ನೋಡು. ತಿಂಗಳ ಹಿಂದೆ ನಮ್ಮ ತೋಟಕ್ಕೆ ಬಂದು ಹೋಗಿದ್ದಾನೆ. ನಾಳೆ ಬೆಳಿಗ್ಗೆಯೂ ಪೂರ್ತಿ ತಿನ್ನದಿದ್ದರೆ ಆ ವಿಷಯವನ್ನು ಡಾಕ್ಟರಿಗೆ ಮರೆಯದೆ ಹೇಳು.

ಇತಿ ನಿನ್ನ
ದೊಡ್ಡಮ್ಮ