ಸಬಾಟಾ ಮೂರನೇ ಸಲ ಬಂದಾಗ

ಪ್ರೀತಿಯ ಸೀನ,

ಸಬಾಟಾ ಎಂಬ ಬಂದೂಕುಗಾರನ ಮೇಲೆ ಇಟಲಿಯವರು ತೆಗೆದ ಚಿತ್ರಸರಣಿಯ ಮೂರನೆಯದನ್ನು ನೋಡಬೇಕಾ, ಬಿಡಬೇಕಾ ಅಂತ ಕೇಳಿದ್ದೀಯ. ನೋಡು ಕಣೋ. ಆದರೆ ಯಾವ ಪ್ರತಿ ನೋಡಬೇಕು, ಎಲ್ಲಿ ಕಣ್ಣಿಡಬೇಕು ಅಂತ ಹೇಳದೆ ಕಳಿಸಿದರೆ ಕಾಲು ಗಂಟೆಯಲ್ಲಿ ಎದ್ದುಬಿಡುತ್ತೀಯ. ಇಟಲಿಯ ಕೌಬಾಯ್ ಚಿತ್ರಗಳ ಹುಚ್ಚಿರುವ ಇನ್ನೂ ನಾಲ್ಕು ಜನರಿಗೆ ಉಪಯೋಗವಾಗಲಿ ಅಂತ ಎಲ್ಲರೆದುರಿಗೇ ಬರೆಯುತ್ತಿದ್ದೇನೆ.

ಮೊದಲು ಸರಣಿಯ ಜಾತಕ. ಒಂದನೆಯದು 1969ರದು. ನಿರ್ದೇಶಕ ಜಿಯಾನ್‌ಫ್ರಾಂಕೊ ಪರೋಲಿನಿ, ಟೈಟಲ್‌ನಲ್ಲಿ ಮಾತ್ರ ಫ್ರಾಂಕ್ ಕ್ರೇಮರ್. ನಿರ್ಮಾಪಕ ಆಲ್ಬರ್ಟೊ ಗ್ರಿಮಾಲ್ಡಿ. ಕ್ಯಾಮೆರಾ ಸಾಂಡ್ರೊ ಮಾಂಕೋರಿಯದು, ಮೂರಕ್ಕೂ ಅವನೇ. ನಾಯಕ ಲೀ ವಾನ್ ಕ್ಲೀಫ್. 1970ರ ಎರಡನೆಯದಕ್ಕೆ ಅವನು ಸಿಗಲಿಲ್ಲ, ಯೂಲ್ ಬ್ರಿನ್ನರ್ ಬಂದ. ಇಟಲಿಯಲ್ಲಿ ಆ ಪಾತ್ರದ ಹೆಸರು ಇಂಡಿಯೊ ಬ್ಲ್ಯಾಕ್. ಹೊರದೇಶಕ್ಕೆ ಹೊರಟಾಗ ಅದೇ ಮನುಷ್ಯ ಸಬಾಟಾ ಆಗಿಬಿಟ್ಟ. 1972ರಲ್ಲಿ, ಬ್ರಿನ್ನರ್ ಹಿಂದೆ ಮಾಡಿದ್ದ 'ಮ್ಯಾಗ್ನಿಫಿಸೆಂಟ್ ಸೆವೆನ್' ಸರಣಿಯ ಕ್ರಿಸ್ ಪಾತ್ರವನ್ನು ವಾನ್ ಕ್ಲೀಫ್ ಮಾಡಿದ. ಇವನ ಜಾಗಕ್ಕೆ ಅವನು, ಅವನ ಜಾಗಕ್ಕೆ ಇವನು. ನಡುವೆ, 1971ರಲ್ಲಿ, ಬಂದದ್ದೇ ನೀನು ಕೇಳುತ್ತಿರುವ 'ರಿಟರ್ನ್ ಆಫ್ ಸಬಾಟಾ'.

ಪಾತ್ರದ ಹೆಸರನ್ನು ಹೀಗೆ ಬದಲಾಯಿಸಲು ಸಾಧ್ಯವಾದದ್ದು ಹೇಗೆ ಅಂತ ತಿಳಿದರೆ ಈ ಚಿತ್ರಗಳ ಅರ್ಧ ಗುಟ್ಟು ತಿಳಿದಂತೆ. ರೋಮ್‌ನಲ್ಲಿ ಆಗ ಚಿತ್ರೀಕರಣದ ಜಾಗದಲ್ಲಿ ಧ್ವನಿಯನ್ನು ಉಳಿಸಿಕೊಳ್ಳುವ ಪದ್ಧತಿಯೇ ಇರಲಿಲ್ಲ. ಅಮೆರಿಕದವನು ಇಂಗ್ಲಿಷ್‌ನಲ್ಲಿ, ಇಟಲಿಯವನು ಇಟಾಲಿಯನ್‌ನಲ್ಲಿ, ಜರ್ಮನಿಯವನು ತನಗೆ ಬಂದದ್ದರಲ್ಲಿ ಮಾತಾಡುತ್ತಿದ್ದ. ಆಮೇಲೆ ಸ್ಟುಡಿಯೋದಲ್ಲಿ ಎಲ್ಲರಿಗೂ ಹೊಸದಾಗಿ ಮಾತು, ಹೆಜ್ಜೆ ಸಪ್ಪಳ, ಗುಂಡಿನ ಸದ್ದು ಕೂರಿಸುತ್ತಿದ್ದರು. ಹಾಗಾಗಿ ಇಂಡಿಯೊನನ್ನು ಸಬಾಟಾ ಮಾಡಲು ಒಂದು ಅಡಿ ಫಿಲ್ಮನ್ನೂ ಮತ್ತೆ ತೆಗೆಯಬೇಕಾಗಿರಲಿಲ್ಲ. ಡಬ್ಬಿಂಗ್ ಬೇಕೋ ಬೇಡವೋ ಅಂತ ದಶಕಗಟ್ಟಲೆ ಜಗಳವಾಡಿದ ನಾವು ಇದನ್ನು ಗಮನಿಸಬೇಕು: ಅಲ್ಲಿ ಮೂಲವೂ ಡಬ್ ಆದದ್ದೇ. ನೀನು ಇಂಗ್ಲಿಷ್ ಆವೃತ್ತಿಯನ್ನೇ ಹಿಡಿ, ಅದರಲ್ಲಿ ವಾನ್ ಕ್ಲೀಫ್‌ನ ಸ್ವಂತ ದನಿ ಇದೆ.

ಇನ್ನು ಚಿತ್ರದ ಚೌಕಟ್ಟು. ಇದನ್ನು ತೆಗೆದದ್ದು ಟೆಕ್ನಿಸ್ಕೋಪ್‌ನಲ್ಲಿ, ಅಂದರೆ ಟೆಕ್ನಿಕಲರ್‌ನ ಇಟಲಿ ಶಾಖೆ 1960ರ ಸುಮಾರಿಗೆ ತಂದ ಉಳಿತಾಯದ ವಿಧಾನದಲ್ಲಿ. ಮಾಮೂಲಿ 35 ಮಿ.ಮೀ. ಫಿಲ್ಮ್‌ನಲ್ಲಿ ಒಂದು ಫ್ರೇಮಿಗೆ ಅಂಚಿನ ನಾಲ್ಕು ತೂತುಗಳಷ್ಟು ಎತ್ತರ ಖರ್ಚಾಗುತ್ತದೆ. ಇದರಲ್ಲಿ ಎರಡೇ. ಸಾವಿರ ಅಡಿಯ ರೀಲು 11 ನಿಮಿಷದ ಬದಲು 22 ನಿಮಿಷ ಓಡುತ್ತದೆ. ಫ್ರೇಮು ತಾನಾಗಿಯೇ ಅಗಲವಾಗಿರುವುದರಿಂದ ಸಿನಿಮಾಸ್ಕೋಪ್‌ನ ದುಬಾರಿ ಲೆನ್ಸ್ ಬೇಡ, ಸಾದಾ ಲೆನ್ಸ್ ಸಾಕು. ಲ್ಯಾಬಿನಲ್ಲಿ ಆ ಕುಳ್ಳ ಫ್ರೇಮನ್ನು ಮೇಲಕ್ಕೆ ಎರಡು ಪಟ್ಟು ಎಳೆದು ನಾಲ್ಕು ತೂತಿನ ಪ್ರಿಂಟಿಗೆ ಇಳಿಸುತ್ತಾರೆ. ಥಿಯೇಟರಿನ ಪ್ರೊಜೆಕ್ಟರು ಅದನ್ನು ಅಡ್ಡಕ್ಕೆ ಎಳೆದು ಸರಿಮಾಡುತ್ತದೆ.

ಉಳಿತಾಯಕ್ಕೆಂದು ಹುಟ್ಟಿದ್ದು ಒಂದು ಶೈಲಿಯನ್ನೇ ಕೊಟ್ಟಿತು. ಸಿನಿಮಾಸ್ಕೋಪ್‌ನ 50 ಮಿ.ಮೀ. ಲೆನ್ಸ್ ಹಿಡಿಯುವ ಅಗಲವನ್ನು ಇಲ್ಲಿ 25 ಮಿ.ಮೀ. ಲೆನ್ಸೇ ಹಿಡಿಯುತ್ತದೆ. ಲೆನ್ಸ್ ಚಿಕ್ಕದಾದಷ್ಟೂ ಹತ್ತಿರದ್ದು, ದೂರದ್ದು ಎರಡೂ ಒಟ್ಟಿಗೆ ಸ್ಪಷ್ಟ. ಮುಂದೆ ಪಿಸ್ತೂಲಿನ ಹಿಡಿಕೆ, ಹಿಂದೆ ಬೀದಿಯ ಆ ತುದಿಯಲ್ಲಿ ನಿಂತವನು, ಎರಡೂ ನಿಖರ. ಈ ಚಿತ್ರಗಳ ಆ ಪ್ರಸಿದ್ಧ ನೋಟದ ಹಿಂದೆ ನಿರ್ದೇಶಕರ ಕಣ್ಣಿನ ಜೊತೆ ಈ ಲೆಕ್ಕವೂ ಇದೆ.

ಕೆಡುವುದೂ ಇಲ್ಲಿಯೇ. ನೆಗೆಟಿವ್ ಅರ್ಧ ಗಾತ್ರದ್ದಾದ್ದರಿಂದ ಕ್ಯಾಮೆರಾ ಗೇಟಿನಲ್ಲಿ, ಅಂದರೆ ಫಿಲ್ಮ್ ಹಾದುಹೋಗುವ ಕಿಂಡಿಯಲ್ಲಿ, ಒಂದು ಕೂದಲು ಸಿಕ್ಕಿಕೊಂಡರೂ ಪರದೆಯ ಮೇಲೆ ಹಗ್ಗದಷ್ಟಾಗುತ್ತದೆ. ಎರಡು ಫ್ರೇಮುಗಳ ನಡುವಿನ ಗೆರೆ ತೀರಾ ಸಣ್ಣದು, ಹಾಗಾಗಿ ನೆಗೆಟಿವ್ ಅಂಟಿಸಿದ ಜಾಗ ಇಣುಕುತ್ತದೆ. ಟೆಕ್ನಿಕಲರ್‌ನವರು ನೆಗೆಟಿವ್‌ನಿಂದ ನೇರವಾಗಿ ಬಣ್ಣದ ಅಚ್ಚು ತೆಗೆದು ಪ್ರಿಂಟ್ ಒತ್ತುತ್ತಿದ್ದ ಕಾಲದಲ್ಲಿ ಅರ್ಧ ನೆಗೆಟಿವ್‌ನ ಒರಟುತನ ಅಷ್ಟಾಗಿ ಕಾಣುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಆ ವಿಧಾನ ನಿಂತುಹೋಯಿತು. ಆಮೇಲಿನ ಪ್ರತಿಗಳು ನಡುವೆ ಇನ್ನೊಂದೆರಡು ನಕಲು ದಾಟಿ ಬರಬೇಕು, ಪ್ರತಿ ನಕಲಿಗೂ ಚಿತ್ರದ ಮೇಲೆ ಕಾಣುವ ಕಾಳಿನಂಥ ಚುಕ್ಕೆಗಳು ದಪ್ಪವಾಗುತ್ತವೆ. ಟೀವಿಗಾಗಿ ಎರಡೂ ಬದಿ ಕತ್ತರಿಸಿದ ಪ್ರತಿ ಸಿಕ್ಕರಂತೂ ಮುಟ್ಟಲೇಬೇಡ. ಗುಂಡು ಹಾರಿಸುವವನು ಒಂದು ತುದಿ, ಬೀಳುವವನು ಇನ್ನೊಂದು ತುದಿ, ಉಳಿಯುವುದು ನಡುವಿನ ಬರೀ ಗೋಡೆ. ಚಿತ್ರದ ಅಗಲ ಎತ್ತರದ 2.35 ಪಟ್ಟು ಇದೆಯೇ ಅಂತ ನೋಡಿಕೊಂಡೇ ಶುರುಮಾಡು.

ಇಷ್ಟೆಲ್ಲ ಹೇಳಿದ್ದು ಮೊದಲ ದೃಶ್ಯಕ್ಕಾಗಿ. ಮಬ್ಬು ಬೆಳಕಿನ ಕೋಣೆ. ಸಬಾಟಾ ಒಳಗೆ ಬರುತ್ತಾನೆ. ಮೂಲೆಮೂಲೆಯಿಂದ ಬಂದೂಕುಗಳು ಏಳುತ್ತವೆ. ಒಬ್ಬೊಬ್ಬರನ್ನೇ ಉರುಳಿಸುತ್ತಾನೆ. ಅಷ್ಟರಲ್ಲಿ ಚಪ್ಪಾಳೆ. ಅದು ಸರ್ಕಸ್ಸಿನ ರಂಗ, ಗುಂಡುಗಳು ಪೊಳ್ಳು, ಸತ್ತವರು ಮೈಕೊಡವಿಕೊಂಡು ಏಳುತ್ತಾರೆ. ನಮ್ಮ ಸಬಾಟಾ ಈಗ ಊರೂರು ಅಲೆಯುವ ಕಂಪನಿಯಲ್ಲಿ ಗುರಿಕಾರನ ಆಟ ತೋರಿಸುವವನು.

ಕಥೆ ಆಮೇಲಿನದು: ಹಾಬ್ಸನ್‌ವಿಲ್ ಎಂಬ ಊರು, ಅಲ್ಲಿ ಹಳೆಯ ಬಾಕಿ ಉಳಿಸಿಕೊಂಡ ಸೈನ್ಯದ ಗೆಳೆಯ ಕ್ಲೈಡ್, ಊರಿನ ಅಭಿವೃದ್ಧಿಯ ಹೆಸರಲ್ಲಿ ಎಲ್ಲದಕ್ಕೂ ತೆರಿಗೆ ಹಾಕಿ ದುಡ್ಡು ಕೂಡಿಡುವ ಮೆಕಿಂಟಾಕ್. ಪರೋಲಿನಿಯ ಪ್ರೀತಿಯ ದೊಂಬರಾಟದವರೂ ಇದ್ದಾರೆ. ಮೊದಲ ಚಿತ್ರದಲ್ಲೂ ಹಾರಿದ್ದ ಆಲ್ಡೊ ಕಾಂಟಿ ಇಲ್ಲೂ ಹಾರುತ್ತಾನೆ. ಇಂಥ ಜಿಗಿತ ಬಂದಾಗ ಮಂಡಿ ನೋಡು. ನೆಲದಿಂದ ಹಾರುವವನು ಮೊದಲು ಮಂಡಿ ಬಗ್ಗಿಸಲೇಬೇಕು. ಬಗ್ಗಿಸದೆ ಮೈ ನೆಟ್ಟಗೆ ಮೇಲೆದ್ದರೆ ಚೌಕಟ್ಟಿನ ಕೆಳಗೆ ಟ್ರ್ಯಾಂಪೊಲಿನ್ ಇದೆ ಅಂತಲೇ ಅರ್ಥ.

ಆ ಮೊದಲ ದೃಶ್ಯ ಇತ್ತೀಚೆಗೆ ನನ್ನನ್ನು ಬಿಡುತ್ತಿಲ್ಲ ಕಣೋ. ಚಮತ್ಕಾರದ ಆರಂಭ ಅಂತ ಅದನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಅದರ ಪರಿಣಾಮ ನೋಡು. ಸಾವು ಪೊಳ್ಳು ಅಂತ ಮೊದಲೇ ತೋರಿಸಿಬಿಟ್ಟ ಮೇಲೆ ಉಳಿದ ಒಂದೂವರೆ ಗಂಟೆ ಯಾರು ಬಿದ್ದರೂ ಅವರು ಏಳುತ್ತಾರೆ ಅಂತ ಕಾಯುತ್ತೇನೆ. ಯಾರೂ ಏಳುವುದಿಲ್ಲ, ಆದರೂ ಭಯವಾಗುವುದಿಲ್ಲ. 1970ರ ಕೊನೆಗೆ ಬಂದ ಟ್ರಿನಿಟಿ ಚಿತ್ರ ಹೊಡೆದಾಟವನ್ನು ನಗೆಯಾಟ ಮಾಡಿ ಇಟಲಿಯ ಜನರನ್ನು ಎಳೆದುಕೊಂಡಿತ್ತು. ನಿರ್ಮಾಪಕ ಗ್ರಿಮಾಲ್ಡಿ 1971ರಲ್ಲೇ ಕಲಾತ್ಮಕ ಚಿತ್ರಗಳ ನಿರ್ದೇಶಕ ಪಸೋಲಿನಿಯ ಚಿತ್ರಕ್ಕೂ ಹಣ ಹಾಕಿದ್ದ. ಕಪ್ಪು ಕೋಟಿನ ಗಂಭೀರ ಮನುಷ್ಯನಿಗೆ ಉಳಿದಿದ್ದ ಜಾಗ ಸರ್ಕಸ್ಸೇ. ಚಿತ್ರ ಅದನ್ನು ತಾನೇ ಹೇಳಿಕೊಳ್ಳುತ್ತದೆ.

ಮತ್ತು ಆ ಮುಖ. ವಾನ್ ಕ್ಲೀಫ್ 1952ರಿಂದ ಹಾಲಿವುಡ್‌ನಲ್ಲಿ ನಾಯಕರ ಗುಂಡಿಗೆ ಬೀಳುವ ಕೆಲಸ ಮಾಡಿದವನು. ಕಾರು ಅಪಘಾತದಲ್ಲಿ ಮಂಡಿ ಹೋಗಿ, ಕೆಲಸ ಸಿಗದೆ, ಕುಂಚ ಹಿಡಿದು ಚಿತ್ರ ಬಿಡಿಸಿ ಬದುಕುತ್ತಿದ್ದಾಗ 1965ರಲ್ಲಿ ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆ ತನ್ನ ಕೌಬಾಯ್ ಚಿತ್ರಕ್ಕೆ ಕರೆದ. ನಲವತ್ತಕ್ಕೆ ನಾಯಕನಾದ. ಮೂರನೇ ಸಬಾಟಾಗೆ ಬರುವಾಗ 46. ಚಪ್ಪಾಳೆಯ ನಡುವೆ ಅವನು ನಿಲ್ಲುವುದನ್ನು ನೋಡುವಾಗ ನನಗೆ ಗಂಟಲು ಕಟ್ಟುತ್ತದೆ. ಹೇಳಬಾರದು ಅಂದುಕೊಂಡಿದ್ದೆ, ಹೇಳುತ್ತಿದ್ದೇನೆ: ಮೂರರಲ್ಲಿ ಗಟ್ಟಿಯಾದದ್ದು ಮೊದಲನೆಯದೇ, ಆದರೆ ನನಗೆ ಹೆಚ್ಚು ಬೇಕಾದದ್ದು ಇದು. ಮುಗಿಯುತ್ತಿರುವುದು ಗೊತ್ತಿದ್ದೂ ಕೆಲಸವನ್ನು ಕೈಬಿಡದವರನ್ನು ಕಂಡರೆ ಮನಸ್ಸು ಅಲ್ಲೇ ನಿಂತುಬಿಡುತ್ತದೆ. ಅದು ಪ್ರೀತಿಯೋ, ಮುಗಿದದ್ದನ್ನು ಒಪ್ಪಿಕೊಳ್ಳದ ಹಟವೋ ಅಂತ ಕೇಳಿಕೊಂಡಾಗ ಕಸಿವಿಸಿಯಾಗುತ್ತದೆ.

ಸಾಕು, ಇನ್ನು ಮುಂದೆ ಹೋದರೆ ನೀನು ಫೋನ್ ಮಾಡಿ "ಊಟ ಆಯ್ತಾ" ಅಂತ ಮೆಲ್ಲಗೆ ಕೇಳಲು ಶುರುಮಾಡುತ್ತೀಯ. ಕೆಲಸದ ಮಾತಿಗೆ ಬರೋಣ. ಮೊದಲು ಒಂದನೆಯದು ನೋಡು, ನಾಲ್ಕು ನಳಿಗೆಯ ಆ ಪುಟ್ಟ ಪಿಸ್ತೂಲಿನ ಹಿಡಿಕೆಯಲ್ಲೂ ಗುಂಡು ಅಡಗಿರುವುದನ್ನು ಗಮನಿಸು. ಎರಡನೆಯದನ್ನು ಬೇರೆ ದಿನಕ್ಕಿಡು, ಬ್ರಿನ್ನರ್‌ನನ್ನು ಸಬಾಟಾ ಅಂತ ನಂಬಲು ಹೋಗಬೇಡ, ಇಂಡಿಯೊ ಅಂತಲೇ ನೋಡು. ಮೂರನೆಯದರಲ್ಲಿ ವಾನ್ ಕ್ಲೀಫ್‌ನ ಬಲಗೈ ಹತ್ತಿರದಿಂದ ಕಂಡಾಗ ನಡುಬೆರಳು ನೋಡು, ತುದಿ ಇಲ್ಲ. ಮಗಳಿಗೆ ಆಟದ ಮನೆ ಕಟ್ಟುವಾಗ ಹೋದದ್ದು ಅದು. ಸಂಗೀತ ಮಾರ್ಚೆಲೊ ಜಿಯೊಂಬಿನಿಯದು, 1966ರಲ್ಲಿ ಗಿಟಾರು, ಡ್ರಮ್ಮು ಹಾಕಿ ಚರ್ಚಿನ ಪೂಜೆಗೆ ಹಾಡು ಕಟ್ಟಿದ ಅದೇ ಮನುಷ್ಯ. ಶೀರ್ಷಿಕೆ ಗೀತೆ ಒಮ್ಮೆ ಕಿವಿಗೆ ಬಿದ್ದರೆ ವಾರ ಬಿಡುವುದಿಲ್ಲ. ಆಫೀಸಿನಲ್ಲಿ ಗುನುಗಬೇಡ, ನಿಮ್ಮ ಮೀಸೆಯವರು ಮತ್ತೆ ಮೀಟಿಂಗ್ ಕರೆದಾರು.

ನೋಡಿ ಬರಿ. ಮೆಕಿಂಟಾಕ್‌ನ ಬಗ್ಗೆ ನಿನ್ನ ಅಭಿಪ್ರಾಯ ಬೇಕೇ ಬೇಕು.

ನಿನ್ನ,
ರಘು